ತಗಡಿನ ಮೇಲಿನ ಕಲ್ಲು, ಲಿಂಟಲ್ ಮಟ್ಟದ ಕಂಬಿ

ತುಮಕೂರು ಜಿಲ್ಲೆಯ ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಆಸುಪಾಸಿನಲ್ಲಿ ಎರಡು ಬಗೆಯ ಕಟ್ಟಡಗಳು ಕಣ್ಣಿಗೆ ಬೀಳುತ್ತವೆ. ಹೆದ್ದಾರಿಯ ಕಡೆಗೆ ಕಾರ್ಖಾನೆಗಳ ಎತ್ತರದ ಉಕ್ಕಿನ ಶೆಡ್ಡುಗಳು. ಊರುಗಳ ಕಡೆಗೆ ತಿರುಗಿದರೆ, ಕೆಲಸಕ್ಕೆ ಬಂದವರಿಗೆ ಬಾಡಿಗೆ ಕೊಡಲೆಂದು ಸಾಲಾಗಿ ಎಬ್ಬಿಸಿದ ಕೋಣೆಗಳು. ಇಂಥ ಕೋಣೆಗಳ ಕಟ್ಟೋಣ ಗುಬ್ಬಿಯಲ್ಲೂ ಒಂದೇ, ಕುಣಿಗಲ್ಲಿನಲ್ಲೂ ಒಂದೇ: ಆರಿಂಚಿನ ಸಾಲಿಡ್ ಬ್ಲಾಕ್ ಗೋಡೆ, ಗೋಡೆಯಿಂದ ಗೋಡೆಗೆ ನಾಲ್ಕು ಕಬ್ಬಿಣದ ಪೈಪು, ಪೈಪಿನ ಮೇಲೆ ಶೀಟು, ಶೀಟು ಹಾರದಿರಲಿ ಅಂತ ಅದರ ಮೇಲೆ ಒಂದಷ್ಟು ಸೈಜುಗಲ್ಲು. ಯುಗಾದಿ ಕಳೆದು ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾದರೆ, ಬಿರುಗಾಳಿಗೆ ಶೀಟು ಹಾರಿದ ಸುದ್ದಿ ಜಿಲ್ಲಾ ಪುಟದಲ್ಲಿ ಬಂದೇ ಬರುತ್ತದೆ. ಓದಿ ಓದಿ ಅಭ್ಯಾಸವಾಗಿ, ಕಲ್ಲು ಹೇರಿದ್ದರೂ ಯಾಕೆ ಹಾರಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಲೆಕ್ಕ ಸರಳವಾಗಿಯೇ ಇದೆ.

ಗಾಳಿ ಸೂರನ್ನು ಪಕ್ಕದಿಂದ ತಳ್ಳುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಗೋಡೆಯನ್ನೇನೋ ತಳ್ಳುತ್ತದೆ, ನಿಜ. ಇಳಿಜಾರು ಕಮ್ಮಿಯಿರುವ ಸೂರನ್ನು ಮಾತ್ರ ಅದು ಮೇಲಕ್ಕೆ ಹೀರುತ್ತದೆ. ಗೋಡೆಗೆ ಬಡಿದ ಗಾಳಿ ಅಂಚು ದಾಟುವಾಗ ಸೂರಿಗೆ ಅಂಟಿಕೊಳ್ಳದೆ ಚಿಮ್ಮಿ ಹೋಗುತ್ತದೆ. ಅಂಚಿನ ಹಿಂದೆ ಒತ್ತಡ ಕುಸಿಯುತ್ತದೆ. ಕೆಳಗಿನ ಗಾಳಿ ಶೀಟನ್ನು ಎತ್ತುತ್ತದೆ. ಗಾಳಿಯ ಹೊರೆಗೆ ನಮ್ಮಲ್ಲಿ ಬಳಕೆಯಲ್ಲಿರುವ ಭಾರತೀಯ ಮಾನಕ ಐಎಸ್ 875, ಮೂರನೆಯ ಭಾಗ. ಅದರ ನಕ್ಷೆಯಲ್ಲಿ ತುಮಕೂರು, ಬೆಂಗಳೂರಿನ ಹಾಗೆ, ಸೆಕೆಂಡಿಗೆ 33 ಮೀಟರ್ ಪ್ರದೇಶಕ್ಕೆ ಸೇರುತ್ತದೆ. ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದ ಲೆಕ್ಕದಲ್ಲಿ ಇದು ಅತಿ ಸೌಮ್ಯ ವಲಯ. ಆ ಸೌಮ್ಯ ಗಾಳಿಯ ಒತ್ತಡವೇ ಚದರ ಮೀಟರಿಗೆ ಸುಮಾರು 65 ಕಿಲೋ ತೂಕಕ್ಕೆ ಸಮ.

ಇಳಿಜಾರಿನ ಪಾತ್ರ ಇಲ್ಲಿ ದೊಡ್ಡದು. ಎರಡೂ ಕಡೆ ಇಳಿಯುವ ಸೂರು ಹತ್ತು ಡಿಗ್ರಿಯಷ್ಟೇ ಇಳಿದಿದ್ದರೆ, ಅಂದರೆ ಹತ್ತಡಿಗೆ ಒಂದೂಮುಕ್ಕಾಲು ಅಡಿ, ಗಾಳಿ ಬೀಸುವ ಬದಿಯ ಸೆಳೆತ ಆ 65 ಕಿಲೋದ 1.2 ಪಟ್ಟು ಎಂದು ಮಾನಕದ ಕೋಷ್ಟಕ ಹೇಳುತ್ತದೆ. ಇಳಿಜಾರು ಮೂವತ್ತು ಡಿಗ್ರಿಗೆ ಬಂದರೆ ಅದೇ ಬದಿಯಲ್ಲಿ ಸೆಳೆತ ಸೊನ್ನೆ. ಮಂಗಳೂರು ಹೆಂಚಿನ ಹಳೇ ಮನೆಗಳ ಎದ್ದು ನಿಂತ ಸೂರಿಗೆ ಮಳೆ ಒಂದೇ ಕಾರಣವಲ್ಲ ಅನ್ನಿಸುವುದು ಈ ಕೋಷ್ಟಕ ನೋಡಿದಾಗ. ಶೀಟಿನ ಕಾಲ ಬಂದ ಮೇಲೆ ಪೈಪು ಉಳಿಸಲು ಇಳಿಜಾರನ್ನು ತಗ್ಗಿಸಿದೆವು. ತಗ್ಗಿಸಿ ತಗ್ಗಿಸಿ, ಗಾಳಿಗೆ ಹೆಚ್ಚು ಅನುಕೂಲವಾದ ಕೋನದಲ್ಲೇ ತಂದು ನಿಲ್ಲಿಸಿದೆವು.

ಒಂದು ಕೋಣೆಯನ್ನೇ ತೆಗೆದುಕೊಳ್ಳೋಣ. ಒಳಅಳತೆ ಮೂರು ಮೀಟರ್, ನಾಲ್ಕು ಮೀಟರ್. ಊರ ಲೆಕ್ಕದಲ್ಲಿ ಹತ್ತು-ಹದಿಮೂರರ ಕೋಣೆ. ಸೂರು ಹನ್ನೆರಡು ಚದರ ಮೀಟರ್. ಹೊರಗಿನ ಸೆಳೆತವನ್ನು ಒಂದು ಪಟ್ಟು ಎಂದೇ ಹಿಡಿಯಿರಿ. ಗಾಳಿ ಬರುವ ಕಡೆಯ ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ಇನ್ನೂ ಅರ್ಧ ಪಟ್ಟು ಒತ್ತುತ್ತದೆ. ಎರಡೂ ಕೂಡಿ ಚದರ ಮೀಟರಿಗೆ ಹತ್ತಿರ ಹತ್ತಿರ 100 ಕಿಲೋ. ಇಡೀ ಸೂರಿಗೆ 1,200 ಕಿಲೋ, ಮೇಲ್ಮುಖವಾಗಿ. ಶೀಟು, ಪೈಪು ಎಲ್ಲ ಸೇರಿದರೂ ಇನ್ನೂರು ಕಿಲೋ ದಾಟುವುದು ಕಷ್ಟ. ಹದಿನೈದು ಕಿಲೋದ ಹತ್ತು ಕಲ್ಲು ಹೇರಿದರೆ ಇನ್ನೊಂದು ನೂರೈವತ್ತು. ಉಳಿದ ಎಂಟುನೂರೈವತ್ತು ಕಿಲೋಗೆ ಹೊಣೆ ಯಾರು? ಯಾರೂ ಇಲ್ಲದಿದ್ದಾಗ ಶೀಟು ಏಳುತ್ತದೆ, ಅದರ ಮೇಲಿನ ಕಲ್ಲುಗಳು ಒಳಗೆ ಮಲಗಿದವರ ಮೇಲೆ ಬೀಳುತ್ತವೆ. ಶೀಟು ಹಾರಿದರೆ ಆಸ್ತಿ ನಷ್ಟ. ಪ್ರಾಣ ತೆಗೆಯುವುದು ರಕ್ಷಣೆಗೆಂದು ಇಟ್ಟ ಆ ಕಲ್ಲು.

ಕಲ್ಲಿನ ಬದಲು ಕೊಕ್ಕೆ ಬೋಲ್ಟು ಹಾಕಿದವರ ಮನೆಯೂ ಕೆಲವೊಮ್ಮೆ ಹೋಗುತ್ತದೆ. ಅಲ್ಲಿ ಶೀಟು ಪೈಪನ್ನು ಬಿಡುವುದಿಲ್ಲ, ಪೈಪು ಗೋಡೆಯನ್ನು ಬಿಟ್ಟುಬಿಡುತ್ತದೆ. ಪೈಪಿನ ತುದಿಯನ್ನು ಗೋಡೆಯ ಕೊನೆಯ ವರಸೆಯಲ್ಲಿ ಹೂತು ಮೇಲೊಂದು ಬಾಂಡ್ಲಿ ಸಿಮೆಂಟು ಮೆತ್ತುವುದು ಗಾರೆ ಕೆಲಸದವರ ರೂಢಿ. ಎಂಟಿಂಚು ಎತ್ತರದ ಆ ಒಂದು ವರಸೆ, ಎರಡೂ ಉದ್ದ ಗೋಡೆಗಳದ್ದು ಸೇರಿಸಿದರೂ, ತೂಗುವುದು ಐನೂರು ಕಿಲೋ ಅಷ್ಟೆ. ಸೂರು ಆ ವರಸೆಯನ್ನೂ ಕಿತ್ತುಕೊಂಡೇ ಹೋಗುತ್ತದೆ. ಅದೇ ಪೈಪನ್ನು ಲಿಂಟಲ್ ಮಟ್ಟಕ್ಕೆ ಕಂಬಿಯಿಂದ ಬಿಗಿದಿದ್ದರೆ? ಲಿಂಟಲ್‌ನಿಂದ ಮೇಲಕ್ಕೆ ಮೂರಡಿ ಗೋಡೆ, ಎರಡು ಬದಿಯದ್ದು ಕೂಡಿ 2,200 ಕಿಲೋ ಮೇಲೆಯೇ ಆಗುತ್ತದೆ. ಗಾಳಿ ಈಗ ಅಷ್ಟನ್ನೂ ಎತ್ತಬೇಕು. ಎತ್ತಲಾರದು.

ಮಾಡುವ ಕ್ರಮ ಹೀಗೆ. ಲಿಂಟಲ್ ಹಾಕುವ ದಿನವೇ, ಪೈಪು ಎಲ್ಲೆಲ್ಲಿ ಕೂರುತ್ತದೋ ಅಲ್ಲಲ್ಲಿ 8 ಎಂಎಂ ಕಂಬಿಯೊಂದನ್ನು ಕೆಳತುದಿ ಮಡಿಸಿ ಲಿಂಟಲ್ ಕಾಂಕ್ರೀಟಿನೊಳಗೆ ನಿಲ್ಲಿಸಬೇಕು. ಮೇಲಿನ ಗೋಡೆ ಕಟ್ಟುವಾಗ ಆ ಕಂಬಿಯ ಸುತ್ತ ಬ್ಲಾಕುಗಳ ನಡುವೆ ಎರಡು ಮೂರಿಂಚು ಜಾಗ ಬಿಟ್ಟು ಕಾಂಕ್ರೀಟು ತುಂಬಬೇಕು. ಸೂರಿನ ಮಟ್ಟಕ್ಕೆ ಬಂದಾಗ ಕಂಬಿಯನ್ನು ಪೈಪಿನ ಮೇಲಿಂದ ಬಳಸಿ ಬೆಸುಗೆ ಹಾಕಿಸಬೇಕು. ನಾಲ್ಕು ಪೈಪಿಗೆ ಎಂಟು ತುದಿ. ಒಂದೊಂದು ತುದಿಗೆ ಸರಾಸರಿ ನೂರೈವತ್ತು ಕಿಲೋ ಎಳೆತ ಬೀಳುತ್ತದೆ. 8 ಎಂಎಂ ಕಂಬಿ ಎರಡು ಟನ್‌ಗೂ ಜಗ್ಗದು. ಶೀಟಿಗೆ ಹೊಡೆಯುವ ಬೋಲ್ಟು ಉಬ್ಬಿನ ಮೇಲಿರಲಿ, ಅಗಲವಾದ ವಾಷರ್ ಇರಲಿ. ಅಂಚಿನಲ್ಲಿ ಮತ್ತು ಮೂಲೆಗಳಲ್ಲಿ ಬೋಲ್ಟು ಒತ್ತಾಗಿರಲಿ, ಸೆಳೆತ ಹೆಚ್ಚಿರುವುದು ಅಲ್ಲೇ. ಬೈಂಡಿಂಗ್ ವೈರಿನಲ್ಲಿ ಸುತ್ತಿದ್ದನ್ನು ಬಿಗಿದದ್ದು ಎನ್ನಲಾಗದು.

ಇಷ್ಟು ಹೇಳಿದರೆ ಮುಂದಿನ ಪ್ರಶ್ನೆ ಲಿಂಟಲ್‌ನದ್ದು. ನಮ್ಮಲ್ಲಿ ಖರ್ಚು ಉಳಿಸುವವರು ಲಿಂಟಲ್ ಹಾಕುವುದು ಬಾಗಿಲು ಕಿಟಕಿಯ ಮೇಲೆ ಮಾತ್ರ, ಆ ಕಡೆ ಈ ಕಡೆ ಅರ್ಧ ಅಡಿ ಚಾಚಿ. ಅದನ್ನು ನಾಲ್ಕೂ ಗೋಡೆಗೆ ಸುತ್ತಿಸಿ ಎಂದರೆ ಮೇಸ್ತ್ರಿಯ ಉತ್ತರ ಸಿದ್ಧವಾಗಿರುತ್ತದೆ: “ಅದೆಲ್ಲ ಬ್ಯಾಡ ಸಾರ್, ಸುಮ್ನೆ ದುಡ್ಡು ದಂಡ. ನಮ್ ಕಡೆ ಭೂಕಂಪ ಎಲ್ಲಾಯ್ತದೆ?”

ದುಡ್ಡಿನ ಮಾತನ್ನು ಮೊದಲು ಮುಗಿಸೋಣ. ನಮ್ಮ ಹತ್ತು-ಹದಿಮೂರರ ಕೋಣೆಯ ಸುತ್ತಳತೆ ಗೋಡೆಯ ನಡುಗೆರೆಯಲ್ಲಿ ಹದಿನಾಲ್ಕೂವರೆ ಮೀಟರ್. ಆರಿಂಚು ಅಗಲ, ಮೂರಿಂಚು ದಪ್ಪದ ಕಾಂಕ್ರೀಟು ಪಟ್ಟಿ, ಒಳಗೆ 8 ಎಂಎಂನ ಎರಡು ಕಂಬಿ, ಅರ್ಧ ಅಡಿಗೊಂದು 6 ಎಂಎಂ ಅಡ್ಡಕಂಬಿ. ಸಿಮೆಂಟು ಒಂದು ಚೀಲಕ್ಕಿಂತ ತುಸು ಹೆಚ್ಚು, ಕಂಬಿ ಇಪ್ಪತ್ತು ಕಿಲೋ ಆಸುಪಾಸು. ಬಾಗಿಲು ಕಿಟಕಿಯ ಮೇಲೆ ಮಾತ್ರ ಲಿಂಟಲ್ಲಿನ ದಪ್ಪ, ಕಂಬಿ ಎರಡನ್ನೂ ಹೆಚ್ಚಿಸಿಕೊಳ್ಳಬೇಕು. ಅದು ಹೇಗಿದ್ದರೂ ಹಾಕುವ ಖರ್ಚು. ಗೃಹಪ್ರವೇಶದ ಊಟದ ಖರ್ಚಿನ ಪಕ್ಕ ಇಟ್ಟು ನೋಡಿದರೆ ಇದು ಕಾಣುವುದೂ ಇಲ್ಲ.

ಭೂಕಂಪದ ಮಾತು ಅಷ್ಟು ಬೇಗ ಮುಗಿಯುವಂಥದ್ದಲ್ಲ. ಭೂಕಂಪದ ಮಾನಕ ಐಎಸ್ 1893ರ 2016ರ ಆವೃತ್ತಿಯ ನಕ್ಷೆಯಲ್ಲಿ ತುಮಕೂರು ಎರಡನೇ ವಲಯದಲ್ಲಿದೆ. ಆ ನಕ್ಷೆಯ ನಾಲ್ಕು ವಲಯಗಳಲ್ಲಿ ಅಪಾಯ ಕಡಿಮೆಯಿರುವುದು ಇದರಲ್ಲೇ. ಹಾಗಾದರೆ ಒಂದನೇ ವಲಯ ಎಲ್ಲಿ ಹೋಯಿತು? 2002ರವರೆಗೆ ಅದೂ ಇತ್ತು, ಎಲ್ಲಕ್ಕಿಂತ ಸುರಕ್ಷಿತ ಎಂಬ ಹೆಸರಿನಲ್ಲಿ. ಲಾತೂರು ಜಿಲ್ಲೆಯ ಕಿಲ್ಲಾರಿ ಇದ್ದದ್ದು ಅದರಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದಾಗ, 6.2 ತೀವ್ರತೆಯ ಕಂಪನ ಅಲ್ಲಿ ಸಾವಿರಾರು ಜನರನ್ನು ಮನೆಗಳೊಳಗೇ ಹೂತುಹಾಕಿತು. ನಮ್ಮ ಬೀದರ್, ಕಲಬುರಗಿ ಜಿಲ್ಲೆಗಳ ಗಡಿಯಾಚೆಗೇ ಇರುವ ಊರು ಅದು. ಅಲ್ಲಿನದೂ ನಮ್ಮದೇ ದಖನ್ ಪ್ರಸ್ಥಭೂಮಿ. ಆಮೇಲೆ ನಕ್ಷೆ ತಿದ್ದಿದಾಗ ಒಂದನೇ ವಲಯವನ್ನೇ ತೆಗೆದುಹಾಕಿ, ಕಿಲ್ಲಾರಿಯನ್ನು ಮೂರಕ್ಕೆ ಏರಿಸಿದರು. ಕಡಿಮೆ ಅಪಾಯದ ವಲಯ ಎಂದರೆ ಕಂಪನ ಅಪರೂಪ ಎಂದಷ್ಟೇ ಅರ್ಥ. ಅಪರೂಪಕ್ಕೆ ಬಂದದ್ದು ಮೆಲ್ಲಗೇ ಬರುತ್ತದೆ ಎಂದು ಬರೆದುಕೊಟ್ಟವರಿಲ್ಲ.

ಕಿಲ್ಲಾರಿಯ ಮನೆಗಳು ಬಿದ್ದ ರೀತಿ ನಮಗೆ ಗೊತ್ತಿರಬೇಕು, ಯಾಕೆಂದರೆ ಅಂಥ ಮನೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಎರಡಡಿ ದಪ್ಪದ ಕಲ್ಲುಗೋಡೆ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು, ನಡುವೆ ಚೂರುಕಲ್ಲು, ಮಣ್ಣು. ಎರಡು ಸಾಲನ್ನೂ ಹಿಡಿದಿಡುವಂತೆ ಗೋಡೆಯ ಪೂರ್ತಿ ಅಗಲಕ್ಕೆ ಹಾಯುವ ಉದ್ದ ಕಲ್ಲು ಇಲ್ಲ. ಮೇಲೆ ತೊಲೆ, ಜಂತೆ, ಅದರ ಮೇಲೆ ಒಂದೆರಡು ಅಡಿ ಮಣ್ಣು. ಶಿರಾ, ಪಾವಗಡದ ಕಡೆಯ ಮಾಳಿಗೆ ಮನೆ ನೋಡಿದವರಿಗೆ ಈ ವರ್ಣನೆ ಹೊಸದಲ್ಲ. ಸೋರಿದಾಗಲೆಲ್ಲ ಮಾಳಿಗೆಗೆ ಇನ್ನಷ್ಟು ಮಣ್ಣು ಏರಿಸುವುದು ವಾಡಿಕೆ. ಕೆಳಗಿನ ಗೋಡೆಯನ್ನು ಯಾರೂ ಕೇಳುವುದಿಲ್ಲ. ಒಂದೂವರೆ ಅಡಿ ಮಣ್ಣು ನಮ್ಮ ಹನ್ನೆರಡು ಚದರ ಮೀಟರಿನ ಕೋಣೆಯ ಮೇಲೆ ಎಂಟೂವರೆ ಟನ್. ಐದಿಂಚಿನ ಕಾಂಕ್ರೀಟು ಮೋಲ್ಡು ನಾಲ್ಕು ಟನ್‌ನ ಒಳಗೆ. ಶೀಟಾದರೆ ಇನ್ನೂರು ಕಿಲೋ.

ನೆಲ ನಡುಗಿದಾಗ ಕಟ್ಟಡದ ಮೇಲೆ ಬೀಳುವ ಅಡ್ಡ ಬಲ ಕಟ್ಟಡದ್ದೇ ತೂಕದ ಒಂದು ಪಾಲು. ಎರಡನೇ ವಲಯದಲ್ಲಿ, ಬಲವರ್ಧನೆಯೇ ಇಲ್ಲದ ಇಟ್ಟಿಗೆ ಮನೆಗೆ ಮಾನಕ ಹಿಡಿಯುವ ವಿನ್ಯಾಸದ ಪಾಲು ನೂರಕ್ಕೆ ಎಂಟರ ಆಸುಪಾಸು. ಮೇಲೆ ತೂಕ ಹೆಚ್ಚಿದಷ್ಟೂ ಜೋಲಿ ಹೆಚ್ಚು. ಈಗ ತೊಡಕು ಕಾಣಿಸಿತಲ್ಲ? ಭೂಕಂಪಕ್ಕೆ ಹಗುರ ಸೂರು ಒಳ್ಳೆಯದು, ಬಿರುಗಾಳಿಗೆ ಭಾರದ ಸೂರು ಒಳ್ಳೆಯದು. ಒಂದಕ್ಕೆ ಹೆದರಿ ತೂಕ ಏರಿಸಿದರೆ ಇನ್ನೊಂದಕ್ಕೆ ಸಿಕ್ಕಿಬೀಳುತ್ತೇವೆ. ಈ ಜಗಳ ಬಗೆಹರಿಯುವುದು ತೂಕದಿಂದಲ್ಲ, ಬಿಗಿಯಿಂದ: ಹಗುರವಾಗಿ ಕಟ್ಟಿ, ಸೂರಿನಿಂದ ಪಾಯದವರೆಗೆ ಒಂದಕ್ಕೊಂದು ಬಿಗಿದರೆ ಎರಡಕ್ಕೂ ಆಗುತ್ತದೆ. ಸಾಮಾನು ಕಮ್ಮಿ ಸುರಿದು ಹೆಚ್ಚು ಕಾಲ ನಿಲ್ಲಿಸುವ ದಾರಿಯೂ ಅದೇ. ಹಸಿರು ಕಟ್ಟಡ ಎಂದ ಕೂಡಲೇ ನಮ್ಮ ಬಿಲ್ಡರುಗಳು ಸೋಲಾರ್ ಪ್ಯಾನೆಲ್, ಮಳೆನೀರು ಕೊಯ್ಲಿನ ಚಿತ್ರ ತೋರಿಸುತ್ತಾರೆ. ಒಂದು ಮಳೆಗಾಲಕ್ಕೆ ಬಿದ್ದು ಎರಡನೇ ಸಲ ಕಟ್ಟಬೇಕಾದ ಮನೆಗೆ ಸಿಮೆಂಟು, ಇಟ್ಟಿಗೆ, ಸೌದೆ ಎಲ್ಲ ಎರಡೆರಡು ಬಾರಿ ಖರ್ಚು. ಆ ಲೆಕ್ಕ ಯಾವ ಬ್ರೋಷರಿನಲ್ಲೂ ಇರುವುದಿಲ್ಲ.

ಈ ಬಿಗಿಯಲ್ಲಿ ಲಿಂಟಲ್ ಮಟ್ಟದ ಸುತ್ತುಪಟ್ಟಿ ಏನು ಮಾಡುತ್ತದೆ ಎನ್ನುವುದನ್ನು ನೋಡಬೇಕು. ನೆಲ ಪೂರ್ವ-ಪಶ್ಚಿಮವಾಗಿ ಅಲುಗಿತೆನ್ನಿ. ಆ ದಿಕ್ಕಿಗೇ ಉದ್ದವಾಗಿ ನಿಂತ ಗೋಡೆಗಳು ಗಟ್ಟಿಯಾಗಿ ಎದುರಿಸುತ್ತವೆ. ಅದಕ್ಕೆ ಅಡ್ಡಲಾಗಿ ನಿಂತ ಎರಡು ಗೋಡೆಗಳು ಮಾತ್ರ ತೆಳು ಬದಿಯಲ್ಲಿ ಬಾಗಿ, ಮೂಲೆ ಬಿಟ್ಟು, ಹೊರಕ್ಕೆ ಮಗುಚುತ್ತವೆ. ಮನೆ ಬೀಳಲು ಶುರುವಾಗುವುದು ಈ ಮೂಲೆ ಬಾಯಿಬಿಡುವುದರಿಂದ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದ ಹಾಗೆ ಲಿಂಟಲ್ ಮಟ್ಟದಲ್ಲಿ ಸುತ್ತಲೂ ಒಂದು ಪಟ್ಟಿ ಇದ್ದರೆ, ಮಗುಚಲು ಹೊರಟ ಗೋಡೆಯನ್ನು ಗಟ್ಟಿ ಗೋಡೆ ಹಿಡಿದುಕೊಳ್ಳುತ್ತದೆ. ಐಎಸ್ 4326 ಎಂಬ ಮಾನಕದ ಮುಖ್ಯ ಸಲಹೆಗಳಲ್ಲಿ ಇದೂ ಒಂದು.

ಆದರೆ ಪಟ್ಟಿಯ ಜೀವ ಮೂಲೆಯಲ್ಲಿದೆ, ಅಲ್ಲೇ ಕೆಲಸ ಕೆಡುವುದು. ಕಂಬಿಯನ್ನು ಮೂಲೆಗೆ ತಂದು ಕತ್ತರಿಸಿ, ಇನ್ನೊಂದು ಗೋಡೆಯ ಕಂಬಿಯನ್ನು ಅದರ ಪಕ್ಕ ಇಟ್ಟು ಕಾಂಕ್ರೀಟು ಸುರಿದರೆ, ಹೊರಗಿನಿಂದ ಪಟ್ಟಿ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಅದು ನಾಲ್ಕು ಬಿಡಿ ತುಂಡು. ಹೊರಬದಿಯ ಕಂಬಿ ಮೂಲೆಯಲ್ಲಿ ಬಾಗಿ ಮುಂದಿನ ಗೋಡೆಯೊಳಕ್ಕೆ ಒಂದೂವರೆ ಅಡಿಯಾದರೂ ಹೋಗಬೇಕು. ಒಳಬದಿಯ ಕಂಬಿ ಅಡ್ಡಗೋಡೆಯ ಹೊರಬದಿಯವರೆಗೂ ಹಾಯ್ದು ಅಲ್ಲಿ ಬಾಗಬೇಕು. ಕಾಂಕ್ರೀಟು ಹಾಕುವ ಮೊದಲು ಮನೆಯವರು ಬೇರೇನೂ ನೋಡದಿದ್ದರೂ ನಾಲ್ಕು ಮೂಲೆಗಳನ್ನು ನೋಡಿ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡರೆ ಸಾಕು. ಫೋಟೊ ತೆಗೆಯುತ್ತಾರೆ ಎಂದು ಗೊತ್ತಾದರೆ ಕಂಬಿ ತಾನಾಗಿ ಬಾಗುತ್ತದೆ.

ಗೋಡೆ ಕಟ್ಟುವ ಕ್ರಮದಲ್ಲೂ ಒಂದು ವಿಚಾರವಿದೆ. ಒಂದು ಗೋಡೆಯನ್ನು ಪೂರ್ತಿ ಎತ್ತಿ, ತುದಿಯಲ್ಲಿ ಹಲ್ಲು ಬಿಟ್ಟು, ವಾರ ಕಳೆದು ಅಡ್ಡಗೋಡೆ ಸೇರಿಸುವುದು ನಮ್ಮಲ್ಲಿ ಮಾಮೂಲು. ಆ ಹಲ್ಲುಗಳ ಸಂದಿಗೆ ಗಾರೆ ಸರಿಯಾಗಿ ಹೋಗುವುದೇ ಇಲ್ಲ. ಎಲ್ಲ ಗೋಡೆಗಳನ್ನೂ ಒಂದೇ ಮಟ್ಟದಲ್ಲಿ ಏರಿಸುವುದು ಒಳ್ಳೆಯದು. ಆಗದಿದ್ದರೆ ಹಲ್ಲಿನ ಬದಲು ಮೆಟ್ಟಿಲಿನಂತೆ ಬಿಟ್ಟು ಕಟ್ಟಿಸಿ. ಕಿಟಕಿಯನ್ನು ಮೂಲೆಗೆ ಅಂಟಿಸಬೇಡಿ, ಎರಡಡಿಯಾದರೂ ಗೋಡೆ ಉಳಿಯಲಿ. ವಾಸ್ತುವಿನವರು ಈಶಾನ್ಯ ಮೂಲೆಯನ್ನೇ ತೆರೆಯಿರಿ ಎಂದರೆ, ಅವರಿಗೂ ಇದನ್ನು ಓದಲು ಕೊಡಿ.

ಇನ್ನು ನೀರು. ನಮ್ಮ ಜಿಲ್ಲೆಯಲ್ಲಿ ಮನೆಗಳಿಗೆ ಭೂಕಂಪಕ್ಕಿಂತ ಹತ್ತಿರದ ಶತ್ರು ಜಡಿಮಳೆ. ಒಣಗಿದ ಮಣ್ಣಿನ ಗೋಡೆ ಸಾಕಷ್ಟು ಹೊರೆಯನ್ನು ಹೊರುತ್ತದೆ. ನೆನೆದರೆ ಶಕ್ತಿ ಸೋರಿಹೋಗುತ್ತದೆ. ಕುತೂಹಲದ ಸಂಗತಿಯೆಂದರೆ, ಮಣ್ಣಿನ ಮನೆಗೆ ಭದ್ರವಾಗಲಿ ಎಂದು ಬಳಿದ ಸಿಮೆಂಟು ಪ್ಲಾಸ್ಟರೇ ಎಷ್ಟೋ ಕಡೆ ಗೋಡೆಗೆ ಮುಳುವಾಗಿದೆ. ನೆಲದಿಂದ ಮೇಲೇರುವ ತೇವ ಮೊದಲು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಸಿಮೆಂಟು ಬಳಿದ ಮೇಲೆ ಅದಕ್ಕೆ ದಾರಿಯಿಲ್ಲ. ಬಿರುಕಿನಿಂದ ಒಳಹೊಕ್ಕ ಮಳೆನೀರಿಗೂ ಹೊರಬರುವ ದಾರಿಯಿಲ್ಲ. ಬುಡದ ಒಂದಡಿ ಗೋಡೆ ಪ್ಲಾಸ್ಟರಿನ ಹಿಂದೆ ಗುಟ್ಟಾಗಿ ಕೆಸರಾಗುತ್ತದೆ. ಮಳೆ ನಿಂತ ಮೇಲೂ ಗೋಡೆ ಕುಸಿಯುವುದು ಇದಕ್ಕೇ. ಪ್ಲಾಸ್ಟರ್ ತಟ್ಟಿ ನೋಡಿ, ಬುಡದಲ್ಲಿ ಡೊಳ್ಳು ಶಬ್ದ ಬಂದರೆ ಆ ಭಾಗವನ್ನು ಕೆತ್ತಿ ತೆಗೆದು ಸುಣ್ಣ-ಮಣ್ಣಿನ ಗಾರೆ ಬಳಿಯುವುದು ಮೇಲು.

ಮಣ್ಣಿನ ಗೋಡೆಗೆ ಸೈಜುಗಲ್ಲಿನ ಪಾಯ ನೆಲದಿಂದ ಎರಡಡಿ ಮೇಲೆ ಬರಬೇಕು, ಸೂರು ಎರಡಡಿ ಚಾಚಬೇಕು. ಚಾಚಿದ ಸೂರನ್ನು ಗಾಳಿ ಕೆಳಗಿನಿಂದ ಹಿಡಿಯುತ್ತದಲ್ಲ ಎನ್ನುತ್ತೀರಿ. ಹೌದು. ಹಳಬರು ಇದಕ್ಕೆ ಕಂಡುಕೊಂಡ ಉಪಾಯ ಜಗಲಿಯ ಸೂರನ್ನು ಬೇರೆ ಮಾಡಿ, ಸ್ವಲ್ಪ ತಗ್ಗಿಸಿ, ಬೇರೆ ಕಂಬಗಳ ಮೇಲೆ ನಿಲ್ಲಿಸುವುದು. ಗಾಳಿಗೆ ಜಗಲಿ ಹೋದರೂ ನಡುಮನೆಯ ಸೂರನ್ನು ಜೊತೆಗೆ ಎಳೆದೊಯ್ಯುವುದಿಲ್ಲ. ಈಗಿನ ಚಂಡಮಾರುತ ನಿರೋಧಕ ಮನೆಗಳ ಕೈಪಿಡಿಗಳೂ ಇದನ್ನೇ ಹೇಳುತ್ತವೆ.

ಮಣ್ಣಿನ ಮಾತು ಬಂದರೆ ಕುಣಿಗಲ್ ತಾಲ್ಲೂಕಿನ ಉಂಗ್ರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ತಂಡ ಹುಟ್ಟಿತು. ಲ್ಯಾಬಿನಲ್ಲಿ ಕಂಡುಹಿಡಿದದ್ದು ಹಳ್ಳಿಯಲ್ಲಿ ನಡೆಯುತ್ತದೆಯೇ ಎಂದು ನೋಡಲು ಅವರು ವಿಸ್ತರಣಾ ಕೇಂದ್ರ ತೆರೆದದ್ದು ಉಂಗ್ರದಲ್ಲಿ. ಹೊಗೆಯಿಲ್ಲದ ಅಸ್ತ್ರ ಒಲೆ ಹೆಸರುವಾಸಿಯಾಯಿತು. ಅದೇ ತಂಡದ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ರೂಢಿಗೆ ತಂದ ಒತ್ತು ಮಣ್ಣಿನ ಬ್ಲಾಕಿಗೆ ಸಿಗಬೇಕಾದಷ್ಟು ಹೆಸರು ಸಿಗಲಿಲ್ಲ. ಇವರಿಬ್ಬರೂ 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಸುಟ್ಟ ಇಟ್ಟಿಗೆಗೆ ತಗಲುವ ಶಕ್ತಿಯ ಕಾಲು ಭಾಗದಲ್ಲಿ ಮಣ್ಣು-ಸಿಮೆಂಟಿನ ಬ್ಲಾಕು ತಯಾರಾಗುತ್ತದೆ. ಸೌದೆಯಿಲ್ಲ, ಗೂಡಿಲ್ಲ, ಪಾಯ ತೋಡಿದ ಮಣ್ಣೇ ಗೋಡೆಯಾಗುತ್ತದೆ.

ತುಮಕೂರಿನ ಕೆಂಪು ಮಣ್ಣು ಇದಕ್ಕೆ ಹೇಳಿಮಾಡಿಸಿದ್ದು. ಮೇಲಿನ ಒಂದೆರಡು ಅಡಿ ಬೇರು-ಗೊಬ್ಬರದ ಮಣ್ಣನ್ನು ತೋಟಕ್ಕೆ ಬಿಟ್ಟು ಅದರ ಕೆಳಗಿನದನ್ನು ತೆಗೆಯಬೇಕು. ಜಿಗುಟು ಹೆಚ್ಚಿದ್ದರೆ ಮರಳನ್ನೋ ಕ್ವಾರಿ ಪುಡಿಯನ್ನೋ ಬೆರೆಸಿ, ಜೇಡಿಯ ಅಂಶ ನೂರಕ್ಕೆ ಹತ್ತು-ಹದಿನೈದಕ್ಕೆ ಇಳಿಸಿಕೊಳ್ಳಬೇಕು. ಸಿಮೆಂಟು ನೂರಕ್ಕೆ ಏಳು ಭಾಗ. 230, 190, 100 ಮಿಲಿಮೀಟರಿನ ಬ್ಲಾಕು ಎಂಟು ಕಿಲೋ ತೂಗುತ್ತದೆ. ಐವತ್ತು ಕಿಲೋ ಚೀಲದಲ್ಲಿ ಎಂಬತ್ತೈದರಿಂದ ತೊಂಬತ್ತು ಬ್ಲಾಕು. ‘ಮರ್ದಿನಿ’ಯಂಥ ಕೈಯಂತ್ರದಲ್ಲಿ ಅಚ್ಚಿನ ಕೊನೆಯ ಅಳತೆ ಯಾವಾಗಲೂ ಒಂದೇ, ಆದ್ದರಿಂದ ಬ್ಲಾಕಿನ ಬಿಗಿ ನಿಂತಿರುವುದು ಅಚ್ಚಿಗೆ ಸುರಿದ ಮಣ್ಣಿನ ತೂಕದ ಮೇಲೆ. ಬಾಂಡ್ಲಿ ಅಳತೆಯಲ್ಲಿ ಸುರಿದರೆ ಒಂದು ಬ್ಲಾಕು ಕಲ್ಲು, ಇನ್ನೊಂದು ಬಿಸ್ಕತ್ತು. ಯಂತ್ರದ ಪಕ್ಕ ತಕ್ಕಡಿ ಇಟ್ಟುಕೊಂಡು ಪ್ರತಿ ಸಲ ತೂಗಿ ಸುರಿಯುವವರ ಬಳಿಯೇ ಕೊಳ್ಳಿ. ಮೂರು ವಾರ ಗೋಣಿತಾಟು ಹೊದಿಸಿ ನೀರುಣಿಸಿರಬೇಕು. ಮನೆಯಲ್ಲೇ ಮಾಡುವ ಪರೀಕ್ಷೆಯೂ ಒಂದಿದೆ: ಬ್ಲಾಕೊಂದನ್ನು ಎರಡು ದಿನ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ತೆಗೆದು, ಅಂಚನ್ನು ಹೆಬ್ಬೆರಳಿನಿಂದ ಒತ್ತಿ. ಉದುರಿದರೆ ಆ ಲೋಡು ವಾಪಸ್ ಕಳಿಸಿ. ಕಪ್ಪು ಎರೆಮಣ್ಣಿಗೆ ಈ ಪಾಠ ಹೊಂದುವುದಿಲ್ಲ. ಅದು ಉಬ್ಬಿ ಕುಗ್ಗುವ ಜಾತಿ, ಅದಕ್ಕೆ ಸುಣ್ಣ ಬೇಕು.

ಮಣ್ಣಿನ ಗೋಡೆ ಭೂಕಂಪಕ್ಕೆ ನಿಲ್ಲುತ್ತದೆಯೇ? 2001ರ ಜನವರಿ 26ರ ಭುಜ್ ಭೂಕಂಪದ ನಂತರ ಕೆ.ಎಸ್. ಜಗದೀಶ್, ಎಸ್. ರಘುನಾಥ್, ಕೆ.ಎಸ್. ನಂಜುಂಡರಾವ್ ಅಲ್ಲಿನ ಕಟ್ಟೋಣಗಳನ್ನು ಅಧ್ಯಯನ ಮಾಡಿದರು. ಬಾಗುವ ಗೋಡೆಯಲ್ಲಿ ಎಳೆತ ಬೀಳುವುದು ಹೊರಮೈಗೆ. ಗೋಡೆಯ ನಟ್ಟನಡುವೆ ನಿಲ್ಲಿಸಿದ ಕಂಬಿಗೆ ಆ ಎಳೆತದಲ್ಲಿ ದೊಡ್ಡ ಪಾಲು ಸಿಗುವುದಿಲ್ಲ. ಹಾಗಾಗಿ ಅವರು ಮುಂದಿಟ್ಟದ್ದು ಗೋಡೆಯ ಎರಡೂ ಮೈಗೆ ನೇರ ಕಂಬಿ ನಿಲ್ಲಿಸಿ, ವರಸೆಗಳ ಸಂದಿಯಲ್ಲಿ ತೂರಿಸಿದ ತಂತಿಯಿಂದ ಎರಡನ್ನೂ ಬಿಗಿಯುವ ಕ್ರಮ. ಗೋಡೆ ಬಿರುಕು ಬಿಟ್ಟರೂ ಕಂಬಿಗಳ ನಡುವೆ ಸಿಕ್ಕಿಕೊಂಡು ನಿಂತಿರುತ್ತದೆ, ಒಳಗಿದ್ದವರು ಹೊರಗೋಡಲು ಹೊತ್ತು ಸಿಗುತ್ತದೆ. ತೂಗುವ ಭಾರ ಬಂದು ಗುದ್ದುವ ಮೇಜಿನ ಮೇಲೆ ಪುಟ್ಟ ಮನೆಗಳನ್ನು ಕಟ್ಟಿ, ಗುದ್ದಿಸಿ, ಇದನ್ನು ಪರೀಕ್ಷಿಸಿದರು. ಕಚ್ಛದಲ್ಲಿ ಬನ್ನಿ ಪ್ರದೇಶದ ದುಂಡನೆಯ ಮಣ್ಣಿನ ಮನೆಗಳು, ಅಲ್ಲಿನವರ ‘ಭೂಂಗಾ’ಗಳು, ಬಹುಪಾಲು ಉಳಿದುಕೊಂಡವು. ದುಂಡು ಮನೆಗೆ ಬಾಯಿಬಿಡಲು ಮೂಲೆಯೇ ಇಲ್ಲ.

ಅದೇ ಕಂಪನಕ್ಕೆ ಇನ್ನೂರು ಕಿಲೋಮೀಟರಿಗೂ ಆಚೆಯ ಅಹಮದಾಬಾದಿನಲ್ಲಿ ಕಾಂಕ್ರೀಟಿನ ಬಹುಮಹಡಿಗಳು ಕುಸಿದವು. ಅವುಗಳಲ್ಲಿ ಹಲವು, ಕಾರು ನಿಲ್ಲಿಸಲೆಂದು ಕೆಳಮಹಡಿಯಲ್ಲಿ ಗೋಡೆಯಿಲ್ಲದೆ ಬರೀ ಪಿಲ್ಲರ್ ಬಿಟ್ಟವು. ತುಮಕೂರು ನಗರದಲ್ಲೂ ಮೂವತ್ತು-ನಲವತ್ತರ ಸೈಟಿನಲ್ಲಿ ಈಗ ಅದೇ ಮಾದರಿ, ಪಿಲ್ಲರ್ ಒಂಬತ್ತಿಂಚು. ಭೂಕಂಪ ತಾಳುವ ಕಾಂಕ್ರೀಟು ಕಟ್ಟಡಗಳ ಮಾನಕ ಐಎಸ್ 13920 ಕೇಳುವ ಕನಿಷ್ಠ 300 ಮಿಲಿಮೀಟರ್, ಹನ್ನೆರಡಿಂಚು. ಎರಡನೇ ವಲಯಕ್ಕೆ ಅದು ಕಡ್ಡಾಯವಲ್ಲ, ಹಾಗಾಗಿ ಯಾರೂ ಕೇಳುವುದಿಲ್ಲ. ಕಡೇಪಕ್ಷ ಪಿಲ್ಲರಿನ ರಿಂಗು ನೋಡಿ. ರಿಂಗಿನ ತುದಿ ಚೌಕದ ಮೂಲೆಯಲ್ಲಿ ನೇರ ಮಡಚಿದ್ದರೆ ಹೊರಗಿನ ಕಾಂಕ್ರೀಟು ಉದುರಿದೊಡನೆ ಬಿಚ್ಚಿಕೊಳ್ಳುತ್ತದೆ. 135 ಡಿಗ್ರಿ ಬಾಗಿ ಒಳಗಿನ ಕಾಂಕ್ರೀಟಿನೊಳಕ್ಕೆ ಎರಡೂವರೆ ಇಂಚು ಇಳಿದಿರಬೇಕು. ಇದಕ್ಕೆ ಹೆಚ್ಚು ಕಬ್ಬಿಣ ಬೇಡ, ಬಾರ್ ಬೆಂಡರ್ ಕೈಯಲ್ಲಿ ಇನ್ನೊಂದು ತಿರುವು ಸಾಕು.

ಸೈಟು ಕೊಳ್ಳುವವರಿಗೆ ಒಂದು ಮಾತು. ಬಡಾವಣೆ ಎದ್ದಿರುವುದು ಕೆರೆಯಂಗಳದಲ್ಲೋ ಅಚ್ಚುಕಟ್ಟಿನ ಗದ್ದೆಯಲ್ಲೋ ಎಂದು ಹತ್ತಿರದ ಹಳೇ ತಲೆಗಳನ್ನು ಕೇಳಿ, ಹಳೆಯ ಸರ್ವೆ ನಕ್ಷೆ ತೆಗೆಸಿ. ತುಂಬಿಸಿದ ಮಣ್ಣಿನ ಮೇಲೆ ಪಾಯ ಕೂರಿಸಬಾರದು. ಮೂಲ ನೆಲ ಸಿಗುವವರೆಗೆ ಅಗೆದು, ಪ್ಲಿಂತ್ ಮಟ್ಟದಲ್ಲೂ ಸುತ್ತ ಒಂದು ಬೀಮ್ ಹಾಕಿಸಿ. ಮನೆಯ ಮಟ್ಟ ರಸ್ತೆಗಿಂತ ಎರಡಡಿ ಮೇಲಿರಲಿ. ಪ್ರತಿ ಸಲ ಡಾಂಬರು ಬಿದ್ದಾಗ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ.

ಕಾರ್ಖಾನೆಯ ಶೆಡ್ಡಿಗೆ ಗಾಳಿಯ ಲೆಕ್ಕ ಇನ್ನೂ ಕಟುವಾಗುತ್ತದೆ. ಗೋಡೆಯ ಐದನೇ ಒಂದು ಭಾಗಕ್ಕಿಂತ ಹೆಚ್ಚು ತೆರೆದಿದ್ದರೆ ಒಳಒತ್ತಡ 0.7 ಪಟ್ಟು ಹಿಡಿಯಬೇಕೆಂದು ಮಾನಕ ಹೇಳುತ್ತದೆ. ಲಾರಿ ನುಗ್ಗುವ ರೋಲಿಂಗ್ ಶಟರ್ ಗಾಳಿಗೆ ಎದುರಾಗಿ ತೆರೆದಿದ್ದರೆ ಸೂರು ಎರಡೂ ಕಡೆಯಿಂದ ಏಟು ತಿನ್ನುತ್ತದೆ. ಮೋಡ ಕಟ್ಟಿದಾಗ ಶಟರ್ ಇಳಿಸುವುದು ಸೆಕ್ಯುರಿಟಿಯವರ ಕೆಲಸದ ಪಟ್ಟಿಯಲ್ಲಿ ಬರೆದಿರಬೇಕು. ಈಗೀಗ ಶೆಡ್ಡಿನ ಮೇಲೆ ಸೋಲಾರ್ ಪ್ಯಾನೆಲ್ ಹಾಸುತ್ತಾರೆ. ಪ್ಯಾನೆಲ್ಲಿನ ಚೌಕಟ್ಟನ್ನು ಶೀಟಿಗೆ ತಿರುಪು ಹೊಡೆದು ನಿಲ್ಲಿಸಿದರೆ ಗಾಳಿ ಎರಡನ್ನೂ ಒಟ್ಟಿಗೆ ಒಯ್ಯುತ್ತದೆ. ತಿರುಪು ಶೀಟನ್ನು ಹೊತ್ತ ಕೆಳಗಿನ ಪರ್ಲಿನ್‌ವರೆಗೆ ಇಳಿಯಬೇಕು, ಪರ್ಲಿನ್ ಆ ಹೆಚ್ಚಿನ ಎಳೆತಕ್ಕೆ ಸಾಕೇ ಎಂದು ಎಂಜಿನಿಯರ್ ಒಬ್ಬರು ಲೆಕ್ಕ ಹಾಕಿರಬೇಕು.

ಈಗಾಗಲೇ ಕಟ್ಟಿ ಆಗಿರುವ ಮನೆಗಳಿಗೂ ದಾರಿಯಿದೆ. ಲಿಂಟಲ್ ಮಟ್ಟದಲ್ಲಿ ಒಂದಡಿ ಅಗಲಕ್ಕೆ ಪ್ಲಾಸ್ಟರ್ ಕೆತ್ತಿ, ಒಳಗೂ ಹೊರಗೂ ಸುತ್ತ ವೆಲ್ಡ್ ಮೆಶ್ ಪಟ್ಟಿ ಹೊಡೆದು, ಮೂರಡಿಗೊಂದರಂತೆ ಗೋಡೆಯಲ್ಲಿ ತೂತು ಕೊರೆದು ಎರಡೂ ಮೆಶ್ಶನ್ನು ಕಂಬಿಯಿಂದ ಬಿಗಿದು, ಸಿಮೆಂಟು ಗಾರೆ ಬಳಿಯುವುದು. ಹಳೇ ಕಟ್ಟಡಗಳ ಬಲವರ್ಧನೆಗೆ ಐಎಸ್ 13935 ಹೇಳುವ ವಿಧಾನ ಇದೇ ಬಗೆಯದು. ಮೆಶ್ ಪಟ್ಟಿ ಮೂಲೆ ಬಳಸಿ ಹೋಗಬೇಕು, ಮೂಲೆಯಲ್ಲಿ ಕತ್ತರಿಸಬಾರದು. ಶೀಟಿನ ಪೈಪುಗಳನ್ನು ಈ ಪಟ್ಟಿಗೇ ಕಂಬಿಯಿಂದ ಎಳೆದು ಕಟ್ಟಿದರೆ ಗಾಳಿಯ ಕೆಲಸವೂ ಅದರಲ್ಲೇ ಮುಗಿಯುತ್ತದೆ. ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಕಲ್ಲುಗಳನ್ನು ಇಳಿಸಿ ಪೈಪು ಬಿಗಿಸುವುದು ಮೊದಲು, ಬುಡದ ಪ್ಲಾಸ್ಟರ್ ಆಮೇಲೆ, ಮೆಶ್ ಪಟ್ಟಿ ಮುಂದಿನ ವರ್ಷ. ಬೆಸುಗೆಯವನನ್ನು ಕರೆಸುವುದಾದರೆ ಫೆಬ್ರವರಿಯೊಳಗೆ ಕರೆಸಿ. ಏಪ್ರಿಲ್‌ನ ಮೊದಲ ಗಾಳಿ ಬೀಸಿದ ಮೇಲೆ ಅವನು ಯಾರ ಫೋನೂ ಎತ್ತುವುದಿಲ್ಲ.